ಬೈಕ್ ರೇಸರ್ ಕಾರಿಗೆ ಇಳಿಯುವಾಗ

ಗ್ರ್ಯಾನ್ ಪ್ರಿ ಬೈಕಿನಲ್ಲೂ ಫಾರ್ಮುಲಾ ಒನ್‌ನಲ್ಲೂ ವಿಶ್ವ ಚಾಂಪಿಯನ್ ಆದವರು ಈವರೆಗೆ ಇಂಗ್ಲೆಂಡಿನ ಜಾನ್ ಸರ್ಟೀಸ್ ಒಬ್ಬರೇ. 1956ರಿಂದ 1960ರೊಳಗೆ ಎಂವಿ ಅಗುಸ್ಟಾ ಮೇಲೆ ಏಳು ಪಟ್ಟ, 1964ರಲ್ಲಿ ಫೆರಾರಿಯಲ್ಲಿ ಎಂಟನೆಯದು. 1960ರಲ್ಲಿ ಬೈಕು, ಕಾರು ಎರಡನ್ನೂ ಓಡಿಸುತ್ತಲೇ ಸಿಲ್ವರ್‌ಸ್ಟೋನ್‌ನ ಬ್ರಿಟಿಷ್ ಗ್ರ್ಯಾನ್ ಪ್ರಿಯಲ್ಲಿ ಎರಡನೆಯವರಾದರು. ಆ ಪ್ರತಿಭೆ ಎಲ್ಲರಿಗೂ ಇರುವುದಿಲ್ಲ. ಉಳಿದವರು ಮೊದಲು ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿ ಹತ್ತುವುದೇ ವಾಸಿ.

ಕಾರ್ಟ್‌ನಲ್ಲಿ ಎಡಗಾಲು ಬ್ರೇಕಿಗೆ, ಬಲಗಾಲು ಆಕ್ಸಿಲರೇಟರಿಗೆ. ಎರಡನ್ನೂ ಒಟ್ಟಿಗೆ ಒತ್ತಬೇಡಿ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಕಚ್ಚಿರುತ್ತವೆ, ಎರಡನ್ನೂ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಒಳಗಿನ ಹಿಂಚಕ್ರದ ಭಾರ ಹಗುರಾಗದಿದ್ದರೆ ಗಾಡಿ ತಿರುಗದೆ ಎಂಜಿನ್ ಏದುಸಿರು ಬಿಡುತ್ತದೆ. ಬೈಕ್ ಸವಾರರು ರೂಢಿಯಂತೆ ಒಳಕ್ಕೆ ವಾಲಿ ಆ ಚಕ್ರವನ್ನೇ ಅದುಮಿಬಿಡುತ್ತಾರೆ. ಬೆನ್ನು ಸೀಟಿಗೆ ಅಂಟಿಸಿ ನೆಟ್ಟಗೆ ಕೂರಿ.

ಕಾರಿನಲ್ಲಿ ಹೆಚ್ಚು ಕಾಡುವುದು ಬಲಗಾಲು. ವೇಗ ಹೆಚ್ಚಾಯಿತೆಂದು ತಿರುವಿನ ನಡುವೆ ಆಕ್ಸಿಲರೇಟರ್ ಫಟ್ಟನೆ ಬಿಟ್ಟರೆ ಭಾರವೆಲ್ಲ ಮುಂದಕ್ಕೆ ಬಂದು ಹಿಂಭಾಗ ಜಾರುತ್ತದೆ. ಫ್ರಂಟ್ ವ್ಹೀಲ್ ಡ್ರೈವ್ ಹ್ಯಾಚ್‌ಬ್ಯಾಕ್ ಕೂಡ ಗಿರಕಿ ಹೊಡೆಯುತ್ತದೆ. ವೇಗ ಇಳಿಸುವ ಕೆಲಸವನ್ನು ನೇರ ದಾರಿಯಲ್ಲೇ ಮುಗಿಸಿ, ತಿರುವಿನಲ್ಲಿ ಕಾಲನ್ನು ನಿಧಾನ ಎತ್ತಿ. ಮುಂಚಕ್ರ ಜಾರಿ ಕಾರು ನೇರ ಹೊರಟರೆ ಸ್ಟೀರಿಂಗ್ ಇನ್ನಷ್ಟು ತಿರುಗಿಸಬೇಡಿ, ತುಸು ನೇರಕ್ಕೆ ತನ್ನಿ, ಹಿಡಿತ ಮರಳುತ್ತದೆ.

ಟೈರಿನ ಗಾಳಿಯನ್ನು ಕಂಪನಿ ಹೇಳಿದ ಅಳತೆಯಿಂದಲೇ ಶುರುಮಾಡಿ. ಟೈರಿನ ಅಂಚಿನಿಂದ ಪಕ್ಕಕ್ಕೆ ಇಳಿಯುವಂತೆ ಮೂರು ಕಡೆ ಸೀಮೆಸುಣ್ಣದ ಗೆರೆ ಎಳೆದು ಟ್ರ್ಯಾಕಿನಲ್ಲಿ ನಾಲ್ಕೈದು ಸುತ್ತು ಓಡಿಸಿ. ಅಂಚಿನಲ್ಲಿರುವ ಪುಟ್ಟ ತ್ರಿಕೋನ ಗುರುತಿನವರೆಗೆ ಗೆರೆ ಅಳಿಸಿದ್ದರೆ ಸರಿ. ಅದನ್ನೂ ದಾಟಿ ಅಳಿಸಿದ್ದರೆ ಗಾಳಿ ಕಮ್ಮಿ, ಅಲ್ಲಿಗೆ ಮುಟ್ಟದಿದ್ದರೆ ಜಾಸ್ತಿ. ಪಿಟ್‌ಗೆ (ಟ್ರ್ಯಾಕಿನ ಪಕ್ಕ ಗಾಡಿ ನಿಲ್ಲಿಸುವ ಜಾಗ) ಬಂದ ತಕ್ಷಣ, ಬಿಸಿಯಿರುವಾಗಲೇ ಅಳೆದು ಒಂದು ಸಲಕ್ಕೆ 2 ಪಿಎಸ್‌ಐನಂತೆ ಸರಿಪಡಿಸಿ.

ಹಳೆಯ ಬ್ರೇಕ್ ಆಯಿಲ್ ಬೇಡ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿಕೊಂಡಮೇಲೆ ಅದು 155ರ ಆಸುಪಾಸಿಗೇ ಇಳಿಯಬಹುದು. ಕುದಿದರೆ ಆವಿ ತುಂಬಿ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಚಕ್ರದ ನಟ್ ಮೊದಲ ಸೆಷನ್ ಆದಮೇಲೆ ಟಾರ್ಕ್ ರೆಂಚಿನಿಂದ (ಬಿಗಿತ ಅಳೆಯುವ ಸ್ಪಾನರ್) ಮತ್ತೊಮ್ಮೆ ನೋಡಿ.

ಬೈಕಿನ ಲೆದರ್ ಸೂಟು ಉಜ್ಜಾಟಕ್ಕೆ ಆದದ್ದು, ಕಾರಿಗೆ ಬೇಕಾದದ್ದು ಬೆಂಕಿ ತಡೆಯುವ ನೋಮೆಕ್ಸ್ ಬಟ್ಟೆಯ ಸೂಟು. ಒಳಗೆ ಪಾಲಿಯೆಸ್ಟರ್ ಬನಿಯನ್ ಬೇಡ, ಕರಗಿ ಮೈಗಂಟುತ್ತದೆ.

ಕಾದ ಬ್ರೇಕ್ ಆರಲೆಂದು ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನ ಮುಗಿಸಿ. ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಬಿಸಿಯಲ್ಲಿ ಗಾಳಿ ಇಳಿಸಿದ್ದರೆ, ಟೈರ್ ತಣ್ಣಗಾದ ಮೇಲೆ ಮತ್ತೆ ತುಂಬಿಸಿಯೇ ರಸ್ತೆಗಿಳಿಯಿರಿ.