ಕೊನೆಯ ಕಂತಿನ ಹೊತ್ತಿಗೆ ‘ಹಳೆ ಬಾಕಿ’ ತಲೆಯೆತ್ತಿದರೆ

ಬೋಟಿನ ಸಾಲವೋ ಅಡಿಕೆ ತೋಟದ ಸಾಲವೋ ಸುಸ್ತಿಯಾಗಿ, ಬ್ಯಾಂಕಿನೊಂದಿಗೆ ಮಾತಾಡಿಕೊಂಡು ಕಂತು ಕಟ್ಟುತ್ತ ಬಂದಿರುತ್ತೀರಿ. ಇನ್ನೆರಡು ಕಂತಿಗೆ ಮುಗಿಯಿತು ಎನ್ನುವಾಗ ‘ಹಿಂದಿನ ಬಾಕಿ ₹25,300’ ಎಂಬ ನೋಟಿಸ್ ಬರುತ್ತದೆ. ಸಿಟ್ಟಿನಲ್ಲಿ ಕಂತನ್ನೇ ನಿಲ್ಲಿಸುವವರು ಕೆಲವರು, ಮರ್ಯಾದೆಗೆ ಅಂಜಿ ತೆಪ್ಪಗೆ ಕಟ್ಟಿಬಿಡುವವರು ಹಲವರು. ಎರಡೂ ಬೇಡ.

ಮೊದಲನೆಯದಾಗಿ, ತಕರಾರಿಲ್ಲದ ಕಂತನ್ನು ದಿನ ತಪ್ಪದೆ ಕಟ್ಟಿ. ಬಡ್ಡಿ ಬಿಟ್ಟುಕೊಟ್ಟು ಮಾಡಿದ ಒಟಿಎಸ್ (ಒನ್ ಟೈಮ್ ಸೆಟಲ್‌ಮೆಂಟ್, ಅಂದರೆ ಒಂದು ಮೊತ್ತಕ್ಕೆ ಸಾಲ ಇತ್ಯರ್ಥ) ಒಪ್ಪಂದಗಳಲ್ಲಿ ಕಂತು ತಪ್ಪಿದರೆ ರಿಯಾಯಿತಿ ರದ್ದು ಎಂಬ ಷರತ್ತು ಸಾಮಾನ್ಯ. ನೀವು ಕಂತು ನಿಲ್ಲಿಸಿದ ದಿನ ಸರಿ ಯಾರದು, ತಪ್ಪು ಯಾರದು ಎಂಬ ಪ್ರಶ್ನೆಯೇ ಹಿಂದೆ ಸರಿಯುತ್ತದೆ.

ಆಮೇಲೆ ಒಪ್ಪಂದವಾದ ದಿನದಿಂದ ಇಂದಿನವರೆಗಿನ ಖಾತೆ ವಿವರವನ್ನು ಬರಹದಲ್ಲಿ ಕೇಳಿ. ಅರ್ಜಿ ಎರಡು ಪ್ರತಿ ಇರಲಿ. ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ವಿವರ ಬಂದ ಮೇಲೆ ರಸೀದಿಗಳನ್ನು ಹರಡಿಕೊಂಡು ಸಾಲು ಸಾಲಾಗಿ ತಾಳೆ ನೋಡಬೇಕು. ಬೇಸರದ ಕೆಲಸ, ಆದರೆ ಗಂಟು ಬಿಚ್ಚುವುದು ಇಲ್ಲೇ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ಎರಡು ಕಂತನ್ನು ಹಂಗಾಮು ಶುರುವಾದ ಮೇಲೆ ಕಟ್ಟಿ ಎಂದು ಮ್ಯಾನೇಜರ್ ಬಾಯಿಮಾತಿನಲ್ಲಿ ಒಪ್ಪಿರುತ್ತಾರೆ. ಕಂಪ್ಯೂಟರಿಗೆ ಆ ಮಾತು ಗೊತ್ತಿಲ್ಲ. ಮ್ಯಾನೇಜರ್ ವರ್ಗವಾಗಿ ಹೋಗಿಯೂ ಆಗಿರುತ್ತದೆ. ಕಂತು ₹12,000 ಎಂದಿಟ್ಟುಕೊಳ್ಳಿ. ನೋಟಿಸಿನ ₹25,300ರಲ್ಲಿ ಎರಡು ಕಂತು ₹24,000, ಉಳಿದ ₹1,300 ದಂಡ. ರಸೀದಿ ನೋಡಿದರೆ ಅಕ್ಟೋಬರಿನಲ್ಲಿ ಆ ತಿಂಗಳದ್ದೂ ಸೇರಿ ₹36,000 ಕಟ್ಟಿದ್ದೀರಿ. ಹಾಗಾದರೆ ಹಣ ಎಲ್ಲಿ? ಅದೇ ಶಾಖೆಯಲ್ಲಿರುವ ನಿಮ್ಮ ಚಿನ್ನದ ಸಾಲಕ್ಕೆ ₹24,000 ಜಮಾ ಆಗಿದೆ. ಘಟ್ಟದ ಮೇಲೂ ಇಂಥದೇ ಕಥೆ: ಅಡಿಕೆ ವಿಕ್ರಿಯ ಹಣದಲ್ಲಿ ಸಹಕಾರ ಸಂಘ ಮುರಿದುಕೊಂಡ ಮೊತ್ತ ಬಿಲ್ಲಿನಲ್ಲಿ ಒಂದು ತಾರೀಖಿಗೆ, ಸಾಲದ ಖಾತೆಯಲ್ಲಿ ಮತ್ತೊಂದು ತಾರೀಖಿಗೆ.

ಒಬ್ಬರಿಗೇ ಹಲವು ಸಾಲ ತೀರಿಸಬೇಕಿದ್ದಾಗ, ಇಂಥ ಸಾಲಕ್ಕೆಂದು ತಿಳಿಸಿ ಕಟ್ಟಿದ ಹಣವನ್ನು ಪಡೆದವರು ಅದಕ್ಕೇ ಜಮಾ ಮಾಡಬೇಕು. 1872ರ ಭಾರತೀಯ ಒಪ್ಪಂದ ಕಾಯ್ದೆಯ 59ನೇ ಕಲಂ ಹೇಳುವುದು ಇದನ್ನೇ. ಆದ್ದರಿಂದ ಚಲನ್ ಮೇಲೆ ಖಾತೆ ಸಂಖ್ಯೆ, ಯಾವ ತಿಂಗಳ ಕಂತು ಎಂಬುದನ್ನು ಬರೆಯುವುದು ರೂಢಿಯಾಗಲಿ.

ಉಳಿದದ್ದು ₹1,300ರ ಜಗಳ. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ ಆದೇಶದಂತೆ ಬ್ಯಾಂಕುಗಳು ದಂಡವನ್ನು ಶುಲ್ಕವಾಗಿ ಮಾತ್ರ ಹಾಕಬಹುದು; ಬಡ್ಡಿದರಕ್ಕೆ ಸೇರಿಸುವಂತಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಎಣಿಸುವಂತಿಲ್ಲ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಈ ಆದೇಶ ಅನ್ವಯಿಸುವುದಿಲ್ಲ.

ಈಗ ಪತ್ರ. ‘ನೋಟಿಸ್ ಪೂರ್ತಿ ಸುಳ್ಳು’ ಎಂದು ಗುಡುಗಬೇಡಿ. ‘₹24,000 ಇಂಥ ದಿನ, ಇಂಥ ರಸೀದಿಯಲ್ಲಿ ಕಟ್ಟಿದ್ದೇನೆ, ಸರಿಯಾದ ಖಾತೆಗೆ ಜಮಾ ಮಾಡಿ, ದಂಡ ತಿದ್ದಿದ ಲೆಕ್ಕ ಕೊಡಿ’ ಎಂದಷ್ಟೇ ಬರೆದು ರಸೀದಿಯ ನಕಲು ಲಗತ್ತಿಸಿ. ಈ ಹಂತದಲ್ಲಿ ‘ಒಂದು ಸಹಿ ಅಷ್ಟೇ’ ಎಂದು ಮುಂದಿಡುವ ಬಾಕಿ ಒಪ್ಪಿಗೆ ಪತ್ರವನ್ನು ಓದದೆ ಮುಟ್ಟಬೇಡಿ. ಸಾಲ ವಸೂಲಿಗೆ ದಾವೆ ಹೂಡಲು ಕಾನೂನು ಕೊಟ್ಟ ವಾಯಿದೆಯೊಳಗೆ ಹಾಗೆ ಬರೆದುಕೊಟ್ಟರೆ ಆ ದಿನದಿಂದ ವಾಯಿದೆಯ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಣಾಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು, ಮಾಹಿತಿಗೆ 14448. ಸಹಕಾರ ಸಂಘದ ತಕರಾರಿಗೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ದಾವೆ ಹೂಡಬೇಕು. ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಕಚೇರಿಯಲ್ಲಿ ವಿಚಾರಿಸಿ. ಸಾವಿರ ರೂಪಾಯಿಗಾಗಿ ಅಲೆಯುವುದು ಬೇಡ, ಜಾಗದ ಕಾಗದ ತುರ್ತಾಗಿ ಬೇಕು ಎನ್ನುವವರು ‘ತಕರಾರು ಕಾಯ್ದಿರಿಸಿ ಕಟ್ಟಿದ್ದೇನೆ’ ಎಂದು ಬರೆದುಕೊಟ್ಟು ಕಟ್ಟಲಿ. ಅದರಲ್ಲಿ ಸೋಲೇನೂ ಇಲ್ಲ.

ಸಾಲ ತೀರಿದ ದಿನವೇ ಬೇಬಾಕಿ ಪತ್ರ ಕೇಳಿ. ಬ್ಯಾಂಕುಗಳು ಅಡವಿನ ಮೂಲ ದಾಖಲೆಗಳನ್ನು 30 ದಿನದೊಳಗೆ ಮರಳಿಸಬೇಕು; ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕು. ತೋಟದ ಮೇಲಿನ ಸಾಲವಾಗಿದ್ದರೆ ತಿಂಗಳು ಬಿಟ್ಟು ಹೊಸ ಪಹಣಿ ತೆಗೆಸಿ, 11ನೇ ಕಾಲಮಿನಲ್ಲಿ ಬ್ಯಾಂಕಿನ ಹೆಸರು ಇನ್ನೂ ಉಳಿದಿದೆಯೇ ನೋಡಿ. ಉಳಿದಿದ್ದರೆ ಬೇಬಾಕಿ ಪತ್ರದ ನಕಲಿನೊಂದಿಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡಿ.