ಕೊಬ್ಬರಿ ಮಂಡಿಯ ಖಾತೆ ಪುಸ್ತಕದಲ್ಲಿ ನನ್ನ ಸಿಇಟಿ

2014ರ ಮೇ ತಿಂಗಳಲ್ಲಿ ಮೊದಲ ಸಲ ಸಿಇಟಿ, ಅಂದರೆ ಎಂಜಿನಿಯರಿಂಗ್ ಸೀಟಿಗಾಗಿ ನಮ್ಮ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ ಬರೆದೆ. ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಮೂರೂ ಸೇರಿ 180ಕ್ಕೆ 71 ಬಂತು. ಮರುವರ್ಷ ಮತ್ತೆ ಬರೆದೆ, 128 ಬಂತು. ಮೊದಲ ಸಲ ನಮ್ಮ ಬೀದಿಯವರು "ಹುಡುಗ ಅಷ್ಟಕ್ಕಷ್ಟೆ" ಎಂದರು. ಎರಡನೆಯ ಸಲ ಅದೇ ಬೀದಿ "ಅವನು ಚಿಕ್ಕಂದಿನಿಂದಲೂ ಚುರುಕು" ಎಂದಿತು. ಇವೆರಡರ ನಡುವೆ ಇನ್ನೊಂದು ಸಂಖ್ಯೆ ಇದೆ. ಅದನ್ನು ಬೀದಿಯವರು ನೋಡಿಲ್ಲ, ಯಾವ ಅಂಕಪಟ್ಟಿಯಲ್ಲೂ ಅದಿಲ್ಲ. ಆ ಸಂಖ್ಯೆ 98. ಇಂಥ ಪರೀಕ್ಷೆ ಅಳೆಯುವುದು ಬುದ್ಧಿಯನ್ನೋ, ಶ್ರಮವನ್ನೋ, ಕುಶಲತೆಯನ್ನೋ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಅದೇ.

ಅದು ಬಂದದ್ದು ಹೀಗೆ. ಪರೀಕ್ಷೆ ಮುಗಿದ ಮೂರನೆಯ ದಿನ, ಸರಿಯುತ್ತರಗಳ ಪಟ್ಟಿ ಇನ್ನೂ ಪ್ರಕಟವಾಗಿರಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ. ಅದೇ ಮೂರು ಪ್ರಶ್ನೆಪತ್ರಿಕೆಗಳನ್ನು ತೆಗೆದುಕೊಂಡು ಜಗಲಿಯ ಮೇಲೆ ಕುಳಿತೆ. ಪುಸ್ತಕ ತೆರೆಯಲಿಲ್ಲ, ಗಡಿಯಾರ ನೋಡಲಿಲ್ಲ. ನಡುವೆ ಎದ್ದು ಊಟ ಮಾಡಿದೆ, ಮಜ್ಜಿಗೆ ಕುಡಿದೆ, ಸಂಜೆಯ ಹೊತ್ತಿಗೆ ಮುಗಿಸಿದೆ. ಪಟ್ಟಿ ಬಂದ ಮೇಲೆ ಎರಡನ್ನೂ ಹೋಲಿಸಿದೆ. ಪರೀಕ್ಷೆಯ ಕೋಣೆಯಲ್ಲಿ 71, ಜಗಲಿಯಲ್ಲಿ 98. ಎರಡನೆಯ ಸಲ ನೋಡುತ್ತಿದ್ದ ಪ್ರಶ್ನೆಗಳು ಎಂದು ನಾಲ್ಕೈದು ಅಂಕ ಕಳೆದರೂ ಉಳಿದ ವ್ಯತ್ಯಾಸ ಸಣ್ಣದಲ್ಲ. ಮೂರು ದಿನದಲ್ಲಿ ನನ್ನ ಬುದ್ಧಿ ಬೆಳೆದಿರಲಿಲ್ಲ. ಆ ಮೂರು ದಿನ ಒಂದಕ್ಷರ ಓದಿರಲೂ ಇಲ್ಲ. ಹಾಗಾದರೆ ಇಪ್ಪತ್ತಕ್ಕೂ ಮೇಲ್ಪಟ್ಟ ಈ ಅಂಕಗಳು ಎಲ್ಲಿಂದ ಬಂದವು?

ಈ ಪ್ರಶ್ನೆಯನ್ನು ಅಪ್ಪನ ಮುಂದಿಟ್ಟೆ. ಅಪ್ಪ ಆಗ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಭೌತವಿಜ್ಞಾನದ ಗಂಧಗಾಳಿ ಅವರಿಗಿಲ್ಲ. ಆದರೆ ನಷ್ಟದ ವಿಷಯ ಬಂದರೆ ಅವರಷ್ಟು ತಿಳಿದವರನ್ನು ನಾನು ಕಂಡಿಲ್ಲ. "ನಷ್ಟ ಎಂದು ಅಳುವುದಕ್ಕೆ ಮೊದಲು ಎಲ್ಲಿ ಸೋರಿತು ಎಂದು ನೋಡು. ತೂಕದಲ್ಲಿ ಹೋಯಿತೋ, ದರದಲ್ಲಿ ಹೋಯಿತೋ, ಕೊಬ್ಬರಿ ಸರಿಯಾಗಿ ಒಣಗದೆ ಆಮೇಲೆ ತೂಕ ಇಳಿಯಿತೋ? ಮೂರಕ್ಕೂ ಮದ್ದು ಬೇರೆ ಬೇರೆ" ಎಂದರು. ಕೆಂಪು ಬಟ್ಟೆಯ ರಟ್ಟಿನ ಹಳೆಯ ಖಾತೆ ಪುಸ್ತಕವೊಂದನ್ನು ಕೊಟ್ಟರು. ಮುಂದಿನ ಪುಟಗಳಲ್ಲಿ ಯಾರದೋ ಕ್ವಿಂಟಾಲ್ ಲೆಕ್ಕ, ಹಿಂದಿನ ಇನ್ನೂರು ಪುಟ ಖಾಲಿ.

ಕಳೆದುಹೋದ 109 ಅಂಕಗಳನ್ನು ಒಂದೊಂದಾಗಿ ಅದರಲ್ಲಿ ಬರೆದೆ. 51 ಪ್ರಶ್ನೆಗಳ ವಿಷಯ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. 21 ಕಡೆ ದಾರಿ ಸರಿ, ಕೂಡುವುದರಲ್ಲೋ ಕಳೆಯುವುದರಲ್ಲೋ ತಪ್ಪು. 14 ಕಡೆ ಇಂಗ್ಲಿಷ್ ವಾಕ್ಯವನ್ನೇ ತಪ್ಪಾಗಿ ಓದಿದ್ದೆ. ಉಳಿದ 23 ಪ್ರಶ್ನೆಗಳಿಗೆ ಉತ್ತರವನ್ನೇ ಗುರುತಿಸಿರಲಿಲ್ಲ.

ಆ 23ರ ಕಥೆ ಹೇಳಲು ಈಗಲೂ ನಾಚಿಕೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನಾಲ್ಕು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಗುರುತಿಸಿದರೂ 23ಕ್ಕೆ ಐದಾರು ಸಿಗಬೇಕು. ಈ ನಿಯಮ ನನಗೆ ಗೊತ್ತಿತ್ತು. ಆದರೂ ಖಾಲಿ ಬಿಟ್ಟೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯುವುದು ಮೋಸ ಎಂದು ನಮ್ಮ ಪ್ರಾಥಮಿಕ ಶಾಲೆಯ ಮೇಷ್ಟರು ಹೇಳಿಕೊಟ್ಟಿದ್ದರು, ಬೆತ್ತ ಹಿಡಿದೇ ಹೇಳಿಕೊಟ್ಟಿದ್ದರು. ಅವರ ಮಾತನ್ನು ಪಾಲಿಸಿದ್ದಕ್ಕೆ ನೂರಾರು ಜನ ನನ್ನನ್ನು ದಾಟಿ ಮುಂದೆ ಹೋದರು. ಮೇಷ್ಟರ ಮೇಲೆ ಸಿಟ್ಟಿಲ್ಲ. ಆದರೆ ಆ ಐದಾರು ಅಂಕಗಳನ್ನು ಬುದ್ಧಿಯ ಖಾತೆಗೆ ಹಾಕುವುದೋ ಶ್ರಮದ ಖಾತೆಗೋ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಇಂಗ್ಲಿಷಿನಿಂದ ಹೋದ 14ರಲ್ಲಿ ಒಂದಂತೂ ಮರೆಯಲಾಗುವುದಿಲ್ಲ. ಹತ್ತನೆಯವರೆಗೆ ನಾನು ಕನ್ನಡ ಮಾಧ್ಯಮದವನು. ವೇಗೋತ್ಕರ್ಷ, ಸಂವೇಗ, ಘರ್ಷಣೆ ಎಲ್ಲವೂ ಕರತಲಾಮಲಕ. ಪಿಯುಸಿಗೆ ಬಂದ ಮೊದಲ ಮೂರು ತಿಂಗಳು 'ಮೊಮೆಂಟಮ್' ಎಂದರೆ ಅದೇ ಸಂವೇಗ ಎಂದು ಗೊತ್ತಾಗದೆ, ಕ್ಷಣಕ್ಕೆ ('ಮೊಮೆಂಟ್') ಸಂಬಂಧಿಸಿದ್ದು ಎಂದೇ ತಿಳಿದಿದ್ದೆ. ಅದು ಹೇಗೋ ಸರಿಹೋಯಿತು. ಪಾಠದ ಪದಗಳನ್ನು ಕಲಿತುಬಿಡುತ್ತೇವೆ, ಕಾಡುವುದು ಅವುಗಳ ಸಂದಿಯಲ್ಲಿ ಬರುವ ಸಣ್ಣ ಪದಗಳು: 'ರೆಸ್ಪೆಕ್ಟಿವ್ಲಿ', 'ನೆಗ್ಲಿಜಿಬಲ್', 'ಎಕ್ಸೆಪ್ಟ್'. ಎರಡು ವಸ್ತುಗಳ ದ್ರವ್ಯರಾಶಿ 'ರೆಸ್ಪೆಕ್ಟಿವ್ಲಿ' ಇಷ್ಟು ಮತ್ತು ಇಷ್ಟು ಎಂದಿತ್ತು. ಅದೇನೋ ಹೊಸ ಪರಿಮಾಣವಿರಬೇಕು ಎಂದು ಅದಕ್ಕೆ ಸೂತ್ರ ಹುಡುಕುತ್ತಾ ಎರಡು ನಿಮಿಷ ಕಳೆದೆ. 'ಕ್ರಮವಾಗಿ' ಎಂದಿದ್ದರೆ ಹತ್ತು ಸೆಕೆಂಡಿನ ಲೆಕ್ಕ.

ಎರಡು ನಿಮಿಷ ಎಂದರೆ ಅಲ್ಲಿ ದೊಡ್ಡ ಆಸ್ತಿ. ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಮೊದಲ ಹತ್ತು ನಿಮಿಷ ವಿವರ ತುಂಬುವುದಕ್ಕೆ ಹೋಗುತ್ತದೆ, ಉತ್ತರಿಸಲು ಉಳಿಯುವುದು 70 ನಿಮಿಷ. ಪ್ರಶ್ನೆಗೆ 70 ಸೆಕೆಂಡು. ಅದರಲ್ಲೇ ಓದಬೇಕು, ಯೋಚಿಸಬೇಕು, ಉತ್ತರ ಪತ್ರಿಕೆಯಲ್ಲಿ ವೃತ್ತ ತುಂಬಬೇಕು.

ಎರಡನೆಯ ವರ್ಷ ತುಮಕೂರಿನಲ್ಲಿ ಕೋಣೆ ಮಾಡಿ, ಮತ್ತೆ ಪರೀಕ್ಷೆ ಬರೆಯುವವರಿಗೆ ವರ್ಷವಿಡೀ ತರಬೇತಿ ಕೊಡುವ ಲಾಂಗ್ ಟರ್ಮ್ ಬ್ಯಾಚಿಗೆ ಸೇರಿದೆ. "ಓದಿದ್ದನ್ನೇ ಓದುವುದಕ್ಕೆ ಇನ್ನೊಂದು ವರ್ಷ ಬೇಕೇ?" ಎಂದು ಅಜ್ಜಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ಅಲ್ಲಿ ನಾನು ಮಾಡಿದ ಕೆಲಸದ ಬಹುಪಾಲು ಓದು ಆಗಿರಲಿಲ್ಲ. ದಿನಕ್ಕೆ 40 ಪ್ರಶ್ನೆ, 45 ನಿಮಿಷ, ಗಡಿಯಾರ ಎದುರಿಗೆ. ತಪ್ಪಿದ್ದೆಲ್ಲ ಖಾತೆಗೆ. ಬರೆದದ್ದನ್ನು ಏಳು ದಿನ ಮುಟ್ಟುತ್ತಿರಲಿಲ್ಲ. ಎಂಟನೆಯ ದಿನ ಉತ್ತರ ನೋಡದೆ ಮತ್ತೆ ಬಿಡಿಸುವುದು. ವಾರ ಬಿಟ್ಟು ಎರಡು ಸಲ ಸರಿ ಬಂದರೆ ಮಾತ್ರ ಆ ಸಾಲಿಗೆ ಗೆರೆ. ಬಾಕಿ ವಸೂಲಾಗುವವರೆಗೆ ಅಪ್ಪ ಸಾಲಗಾರನ ಹೆಸರು ಹೊಡೆದುಹಾಕುತ್ತಿರಲಿಲ್ಲ, ನಾನೂ ಹಾಗೆಯೇ ಮಾಡಿದೆ. ದಸರಾ ಹೊತ್ತಿಗೆ ಲೆಕ್ಕದ ತಪ್ಪುಗಳು ಅರ್ಧಕ್ಕಿಂತ ಕಡಿಮೆಯಾದವು. ಇಂಗ್ಲಿಷಿನ ಸಂದಿಪದಗಳು ಒಟ್ಟು ಅರವತ್ತೋ ಎಪ್ಪತ್ತೋ ಇದ್ದಿರಬೇಕು, ಅಷ್ಟೇ. ಅವು ತೀರಿದ ಮೇಲೆ ಆ ಅಂಕಣ ಖಾಲಿಯಾಗಿಯೇ ಉಳಿಯಿತು. ಅಷ್ಟು ಸಣ್ಣ ಪಟ್ಟಿಯನ್ನು ಎರಡು ವರ್ಷದ ಪಿಯುಸಿಯಲ್ಲಿ ಯಾರೂ ಕೈಗಿಡಲಿಲ್ಲವಲ್ಲ ಎಂಬುದು ನನ್ನ ಹಳೆಯ ತಕರಾರು. 'ಗೊತ್ತಿಲ್ಲ' ಎಂಬ 51ರ ಅಂಕಣ ಮಾತ್ರ ಹಟಮಾರಿ. ಅದರಲ್ಲಿ 19 ರಸಾಯನವಿಜ್ಞಾನದವು. ನಾನು ಓದಿದ ಕಾಲೇಜಿನಲ್ಲಿ ಅರ್ಧ ವರ್ಷ ಆ ವಿಷಯಕ್ಕೆ ಪಾಠ ಮಾಡುವವರೇ ಇರಲಿಲ್ಲ. ಅದನ್ನು ಬೇರಿನಿಂದ ಕಲಿಯಬೇಕಾಯಿತು.

ಕುಶಲತೆ ಎನ್ನುವುದು ಇಲ್ಲಿ ಎಷ್ಟು ಕೆಲಸ ಮಾಡುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ. 4, 6, 12 ಓಮ್‌ಗಳ ಮೂರು ರೋಧಕಗಳನ್ನು ಸಮಾನಾಂತರವಾಗಿ ಜೋಡಿಸಿದೆ, ಒಟ್ಟು ರೋಧ ಎಷ್ಟು? ಆಯ್ಕೆಗಳು 22, 7, 5, 2. ಮೊದಲ ವರ್ಷದ ನಾನು ವಿಲೋಮಗಳನ್ನು ಬರೆದು, 12ರ ಛೇದ ತೆಗೆದು, ಕೂಡಿ, ತಿರುಗಿಸಿ 2 ಎನ್ನುತ್ತಿದ್ದೆ. ನಲವತ್ತು ಸೆಕೆಂಡು. ತುಮಕೂರಿನಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬ ಹೇಳಿದ: ಸಮಾನಾಂತರ ಜೋಡಣೆಯಲ್ಲಿ ಉತ್ತರ ಅತಿ ಚಿಕ್ಕ ರೋಧಕ್ಕಿಂತ ಕಡಿಮೆ ಇರಲೇಬೇಕು. 4ಕ್ಕಿಂತ ಕಡಿಮೆ ಇರುವುದು 2 ಒಂದೇ. ಮೂರು ಸೆಕೆಂಡು. ಉಳಿದ ಸೆಕೆಂಡುಗಳು ಮುಂದಿನ ಕಷ್ಟದ ಪ್ರಶ್ನೆಗೆ ಜಮಾ. ಇದನ್ನು ತಾನೇ ಕಂಡುಕೊಂಡವನು ಬುದ್ಧಿವಂತನೇ ಸರಿ. ನನಗೆ ಯಾರೋ ಹೇಳಿದರು. ಉತ್ತರ ಪತ್ರಿಕೆಯ ವೃತ್ತದಲ್ಲಿ ನಮ್ಮಿಬ್ಬರ ಕಪ್ಪು ಒಂದೇ.

ಹಾಗೆಂದು ಎಲ್ಲವೂ ಬೆವರು ಎನ್ನುವವರ ಜೊತೆಗೂ ನಾನಿಲ್ಲ. ನನ್ನ ಕೋಣೆಯ ಗೆಳೆಯ ನನಗಿಂತ ಎರಡು ಗಂಟೆ ಹೆಚ್ಚು ಓದುತ್ತಿದ್ದ. ಮೂರು ಬಣ್ಣದ ಪೆನ್ನುಗಳಲ್ಲಿ ಗೆರೆ ಎಳೆದ ಟಿಪ್ಪಣಿ, ನಾಲ್ಕು ಗಂಟೆಗೆ ಅಲಾರಂ, ತಣ್ಣೀರ ಸ್ನಾನ. ವರ್ಷದ ಕೊನೆಗೆ ಅವನಿಗೆ ಏರಿದ್ದು ಹನ್ನೆರಡು ಅಂಕ. ತಪ್ಪನ್ನು ನೋಡಲು ಅವನಿಗೆ ಭಯ, ಸರಿ ಬಂದದ್ದನ್ನೇ ಮತ್ತೆ ಮತ್ತೆ ಓದುತ್ತಿದ್ದ. ನಾನು ಹೇಳಿದೆ, ಅವನು ಕೇಳಲಿಲ್ಲ, ನಾನೂ ಜೋರು ಮಾಡಲಿಲ್ಲ. ಒಳಗೊಳಗೆ ಅವನೂ ಒಬ್ಬ ಪ್ರತಿಸ್ಪರ್ಧಿ ತಾನೇ. ಪಕ್ಕದ ಕೋಣೆಯಲ್ಲಿ ಇನ್ನೊಬ್ಬನಿದ್ದ. ಸಂಜೆಯೆಲ್ಲ ಕ್ರಿಕೆಟ್, ನಾವು ಪುಟಗಟ್ಟಲೆ ಬಿಡಿಸುವ ಅನುಕಲನದ (ಇಂಟಿಗ್ರೇಷನ್) ಲೆಕ್ಕವನ್ನು ಕಿಟಕಿಯಾಚೆ ನೋಡುತ್ತಾ ಹೇಳಿಬಿಡುತ್ತಿದ್ದ. ಅವನ ಅಮ್ಮ ಗಣಿತದ ಶಿಕ್ಷಕಿ ಎಂದು ಆಮೇಲೆ ತಿಳಿದು ಸ್ವಲ್ಪ ಸಮಾಧಾನವಾಯಿತು. ಪೂರ್ತಿ ಸಮಾಧಾನ ಈಗಲೂ ಆಗಿಲ್ಲ. 128ರ ಮೇಲೆ ನಾನು ಇನ್ನೊಂದು ವರ್ಷ ಕುಳಿತಿದ್ದರೂ ಅವನ 160 ಮುಟ್ಟುತ್ತಿರಲಿಲ್ಲ ಎಂಬುದು ನನ್ನ ಪ್ರಾಮಾಣಿಕ ಅಂದಾಜು. ಖಾತೆ ಪುಸ್ತಕದಿಂದ ಸೋರಿಕೆ ನಿಲ್ಲಿಸಬಹುದು, ತೋಟ ದೊಡ್ಡದಾಗುವುದಿಲ್ಲ.

ಈ ಪರೀಕ್ಷೆಗಳನ್ನು ಮಾಡುವವರಿಗೂ ತಾವು ಏನನ್ನು ಅಳೆಯುತ್ತಿದ್ದೇವೆ ಎಂಬ ಅನುಮಾನ ಇದ್ದೇ ಇದೆ. ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ ಸ್ಯಾಟ್ (ಎಸ್ಎಟಿ) 1926ರಲ್ಲಿ ಶುರುವಾದಾಗ ಅದರ ಹೆಸರಿನಲ್ಲಿ 'ಆಪ್ಟಿಟ್ಯೂಡ್' ಇತ್ತು, ಅಂದರೆ ಹುಟ್ಟುಗುಣದಂಥ ಸಾಮರ್ಥ್ಯ. 1990ರ ದಶಕದಲ್ಲಿ ಅದು 'ಅಸೆಸ್‌ಮೆಂಟ್' (ಮೌಲ್ಯಮಾಪನ) ಆಯಿತು, ಆಮೇಲೆ ಆ ಮೂರಕ್ಷರಗಳಿಗೆ ವಿಸ್ತರಣೆಯೇ ಇಲ್ಲ ಎಂದರು. ನಮ್ಮ ರಾಜ್ಯದಲ್ಲಿ ಸಿಇಟಿ 1994ರಲ್ಲಿ ಆರಂಭವಾಯಿತು. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ ಅಂಕ. ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು. ಹಳ್ಳಿಯಲ್ಲಿ ಬಂದ 90 ಮತ್ತು ನಗರದಲ್ಲಿ ಬಂದ 90 ಒಂದೇ ಅಲ್ಲ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. 2021ರಲ್ಲಿ ಕೋವಿಡ್‌ನಿಂದ ದ್ವಿತೀಯ ಪಿಯು ಪರೀಕ್ಷೆ ನಡೆಯಲಿಲ್ಲ. ಆ ಸಾಲಿನವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕ ಲೆಕ್ಕಕ್ಕಿಲ್ಲ ಎಂದರು. ಗಲಾಟೆಯಾಗಿ, ಹೈಕೋರ್ಟಿಗೆ ಹೋಗಿ, ಕೊನೆಗೊಂದು ರಾಜಿಸೂತ್ರದ ಮೇಲೆ ಪರಿಷ್ಕೃತ ರ‍್ಯಾಂಕ್ ಬಂತು. ಮಕ್ಕಳು ಬರೆದ ಉತ್ತರದಲ್ಲಿ ಒಂದು ಚುಕ್ಕೆಯೂ ಬದಲಾಗಿರಲಿಲ್ಲ, ರ‍್ಯಾಂಕ್ ಬದಲಾಯಿತು.

ಎಂಟನೆಯ ತರಗತಿಗೆ ಹಳ್ಳಿಯ ಶಾಲೆ ಬಿಟ್ಟು ತಿಪಟೂರಿನ ಶಾಲೆ ಸೇರಿದ್ದರಿಂದ ನನಗೆ ಗ್ರಾಮೀಣ ಮೀಸಲಾತಿ ಕೈತಪ್ಪಿತ್ತು. ನನ್ನ ಜೊತೆಗೇ ಅದೇ ಬಸ್ಸಿನಲ್ಲಿ ಅದೇ ಶಾಲೆಗೆ ಬರುತ್ತಿದ್ದ ಚಿಕ್ಕಪ್ಪನ ಮಗಳಿಗೂ ತಪ್ಪಿತ್ತು. ಅವಳ ವಿಷಯ ಇಷ್ಟು ಹೊತ್ತು ಹೇಳಲಿಲ್ಲ. 2014ರ ಸಿಇಟಿಯಲ್ಲಿ ಅವಳಿಗೆ 79, ನನಗಿಂತ ಎಂಟು ಹೆಚ್ಚು. ಪಿಯುಸಿಯಲ್ಲೂ ಅವಳೇ ಮುಂದೆ. ಸೀಟು ಸಿಗುತ್ತಿರಲಿಲ್ಲ ಎಂದೇನಲ್ಲ, ಸಿಗುವ ಕಾಲೇಜು ದೂರದ ಜಿಲ್ಲೆಯದಾಗುತ್ತಿತ್ತು. ನನ್ನನ್ನು ಇನ್ನೊಂದು ವರ್ಷ ಓದಿಸುವ ಮಾತು ಮನೆಯಲ್ಲಿ ಒಂದೇ ರಾತ್ರಿಯಲ್ಲಿ ತೀರ್ಮಾನವಾಯಿತು. ಅವಳನ್ನು ಇನ್ನೊಂದು ವರ್ಷ ಓದಿಸುವ ಮಾತು ಬರಲೇ ಇಲ್ಲ, ನಿರಾಕರಿಸಿದರು ಎನ್ನಲೂ ಆಗದಂತೆ ಬರಲಿಲ್ಲ. ಊರ ಹತ್ತಿರದ ಕಾಲೇಜಿನಲ್ಲಿ ಬಿಎಸ್ಸಿ ಮಾಡಿದಳು, ಬಿಎಡ್ ಮಾಡಿದಳು, ಈಗ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿ, ಬೇಸರವಾಗಿ ಈಗ ಲಾಂಗ್ ಟರ್ಮ್ ಮಕ್ಕಳಿಗೆ ಭೌತವಿಜ್ಞಾನ ಹೇಳುತ್ತೇನೆ. ಮದುವೆ ಮುಂಜಿಗಳಲ್ಲಿ ಸೇರಿದಾಗ ಹಿರಿಯರು ನನ್ನನ್ನು ತೋರಿಸಿ "ನಮ್ಮ ಮನೆಯ ಬುದ್ಧಿವಂತ" ಎನ್ನುತ್ತಾರೆ. ಆಗ ಅವಳು ಎಲೆ ಹಾಕುತ್ತಲೋ ಮಕ್ಕಳಿಗೆ ಬಡಿಸುತ್ತಲೋ ಅಲ್ಲೇ ಇರುತ್ತಾಳೆ.

ಜಗಲಿಯ ಪ್ರಯೋಗವನ್ನು ಈಗ ಪ್ರತಿ ಬ್ಯಾಚಿನ ಮೊದಲ ವಾರ ಮಾಡಿಸುತ್ತೇನೆ. 70 ನಿಮಿಷ ಕಪ್ಪು ಪೆನ್ನು, ಆಮೇಲೆ ಗಡಿಯಾರ ಇಳಿಸಿ ಅದೇ ಪತ್ರಿಕೆಗೆ ನೀಲಿ ಪೆನ್ನು, ಎಷ್ಟು ಹೊತ್ತಾದರೂ ಸರಿ. ಎರಡರ ಅಂತರ ಕೆಲವರಲ್ಲಿ ಎರಡು ಮೂರು, ಕೆಲವರಲ್ಲಿ ಹದಿನೈದು ದಾಟುತ್ತದೆ. ಅಂತರ ದೊಡ್ಡದಿರುವವರು ಸಾಮಾನ್ಯವಾಗಿ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಾರೆ, ತಮಗೆ ತಲೆ ಇಲ್ಲ ಎಂದು ಮನೆಯಿಂದಲೇ ನಂಬಿಕೊಂಡು ಬಂದಿರುತ್ತಾರೆ. ಕಪ್ಪು ಅಂಕ ಗೋಡೆಗೆ ಹೋಗುತ್ತದೆ, ಸಂಸ್ಥೆಯ ಪದ್ಧತಿ. ನೀಲಿ ಅಂಕವನ್ನು ಅವರವರ ಕಿವಿಗೆ ಮಾತ್ರ ಹೇಳುತ್ತೇನೆ.

ಹೋದ ವರ್ಷ ಚಿಕ್ಕಪ್ಪನ ಮಗಳು ಫೋನ್ ಮಾಡಿ, ಅವಳ ಶಾಲೆಯಿಂದ ವಿಜ್ಞಾನಕ್ಕೆ ಹೋಗುವ ಹುಡುಗಿಯರು ನಾಲ್ವರಿದ್ದಾರೆ, ಆ ಕೆಂಪು ಪುಸ್ತಕ ಸ್ವಲ್ಪ ದಿನ ಬೇಕು ಎಂದಳು. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದೆ. ಇನ್ನೂ ಹಿಂದಿರುಗಿಸಿಲ್ಲ. ಕೇಳುವುದಕ್ಕೆ ನನಗೂ ಮುಖವಿಲ್ಲ.