ಎರಡೇ ಕ್ಲಾಸ್ ತಗೊಂಡ್ರೂ ಅಮೆರಿಕಾದಲ್ಲಿ ಪೆಲ್ ಗ್ರಾಂಟ್ ಸಿಗತ್ತೆ, ಹೀಗೆ ಅಪ್ಲೈ ಮಾಡಿ

ಮಕ್ಳನ್ನ ಸ್ಕೂಲಿಗೆ ಬಿಟ್ಟು ಬಂದು ಕಮ್ಯುನಿಟಿ ಕಾಲೇಜಲ್ಲಿ ಒಂದೆರಡು ಕ್ಲಾಸ್ ತಗೋಳೋಣ ಅನ್ನೋರು ನಮ್ಮಲ್ಲಿ ಸುಮಾರು ಜನ ಇದಾರೆ, ಆದ್ರೆ ಪಾರ್ಟ್ ಟೈಮಿಗೆಲ್ಲ ಸರ್ಕಾರ ಎಲ್ಲಿ ದುಡ್ಡು ಕೊಡತ್ತೆ ಬಿಡಿ ಅಂತ ಸುಮ್ನಾಗ್ಬಿಡ್ತಾರೆ. ನಾನೂ ಹಂಗೇ ಅನ್ಕೊಂಡು ಒಂದು ಸೆಮಿಸ್ಟರ್ ಫೀಸು ಕೈಯಿಂದ ಕಟ್ಟಿದೀನಿ. ಕೊಡ್ತಾರೆ ರೀ, ಪೆಲ್ ಗ್ರಾಂಟ್ ಅಂತ, ಆದಾಯ ಕಮ್ಮಿ ಇರೋರಿಗೆ ಓದೋಕೆ ಫೆಡರಲ್ ಸರ್ಕಾರ ಕೊಡೋ ದುಡ್ಡು, ಸಾಲ ಅಲ್ಲ.

ಮೊದ್ಲು ನಿಮಗೆ ಬರತ್ತಾ ನೋಡ್ಕೊಳ್ಳಿ. ಸಾಮಾನ್ಯವಾಗಿ ಸಿಟಿಜನ್ ಆಗಿರ್ಬೇಕು ಇಲ್ಲಾ ಗ್ರೀನ್ ಕಾರ್ಡ್ ಇರ್ಬೇಕು, ಎಚ್4, ಎಫ್1 ವೀಸಾದವರಿಗೆ ಇಲ್ಲ. ನಮ್ಮೋರು ಜಾಸ್ತಿ ಎಡವೋದು ಮುಂದಿನದ್ರಲ್ಲಿ: ಊರಲ್ಲಿ ಬಿಕಾಂ, ಬಿಇ ಮಾಡಿದ್ರೆ ಸಾಮಾನ್ಯವಾಗಿ ಅದನ್ನೂ ಡಿಗ್ರಿ ಅಂತಲೇ ನೋಡ್ತಾರೆ, ಆಗ ಪೆಲ್ ಬರಲ್ಲ, ಅದು ಇಲ್ಲಿನ ಡಿಗ್ರಿಗೆ ಸಮ ಹೌದೋ ಅಲ್ವೋ ಅಂತ ಕಾಲೇಜು ತೀರ್ಮಾನ ಮಾಡತ್ತೆ. ಪಿಯುಸಿಗೇ ನಿಲ್ಸಿದ್ರೆ ತೊಂದ್ರೆ ಇಲ್ಲ (ಓದು ಬಿಟ್ಟಿದ್ದಕ್ಕೆ ನಂಗೆ ಮೊದಲ್ನೇ ಸಲ ಲಾಭ ಆಗಿದ್ದು ಇಲ್ಲೇ).

ಇದಕ್ಕೆ ಅಪ್ಲೈ ಮಾಡೋ ಫಾರ್ಮಿಗೆ ಫಾಫ್ಸಾ ಅಂತಾರೆ, ಸ್ಟೂಡೆಂಟ್‌ಏಡ್ ಡಾಟ್ ಗವ್ ಅಲ್ಲಿ ಫ್ರೀ, ಯಾರಾದ್ರೂ ತುಂಬ್ಕೊಡ್ತೀನಿ ಅಂತ ದುಡ್ಡು ಕೇಳಿದ್ರೆ ಕೊಡ್ಬೇಡಿ. ಟ್ಯಾಕ್ಸ್ ಮಾಹಿತಿ ತಗೊಳಕ್ಕೆ ಒಪ್ಗೆ ಕೇಳತ್ತೆ, ಅದನ್ನ ಒತ್ತಲೇಬೇಕು, ಆದಾಯ ಸೊನ್ನೆ ಇದ್ರೂ ಸರಿ, ಇಲ್ದಿದ್ರೆ ಒಂದು ಡಾಲರೂ ಬರಲ್ಲ. ಗಂಡ ಹೆಂಡ್ತಿ ಟ್ಯಾಕ್ಸ್ ಬೇರೆ ಬೇರೆ ಫೈಲ್ ಮಾಡಿದ್ರೆ ನಿಮ್ಮ ಜೊತೆ ನಿಮ್ಮ ಗಂಡಂದೋ ಹೆಂಡ್ತೀದೋ ಒಂದು ಅಕೌಂಟೂ ಅಲ್ಲಿ ಬೇಕು, ಅವರೂ ಒಪ್ಗೆ ಕೊಡ್ಬೇಕು.

ಈಗ ಲೆಕ್ಕ. 2025-26ಕ್ಕೆ ವರ್ಷಕ್ಕೆ ಹೆಚ್ಚಂದ್ರೆ 7,395 ಡಾಲರ್, ಸೆಮಿಸ್ಟರಿಗೆ 12 ಕ್ರೆಡಿಟ್ (ಕ್ಲಾಸ್ ಎಷ್ಟು ದೊಡ್ದು ಅಂತ ಅಳೆಯೋ ಲೆಕ್ಕ) ತಗೊಂಡ್ರೆ ಫುಲ್ ಟೈಮ್. ಮುಂಚೆ 6 ತಗೊಂಡ್ರೂ 8 ತಗೊಂಡ್ರೂ ಅರ್ಧನೇ ಕೊಡ್ತಿದ್ರು, 2024-25ರಿಂದ ಒಂದೊಂದು ಕ್ರೆಡಿಟ್ಟಿಗೂ ಲೆಕ್ಕ ಇದೆ. ಪೂರ್ತಿ ಗ್ರಾಂಟ್ ಸಿಗೋರಿಗೆ 6 ಕ್ರೆಡಿಟ್ಟಿಗೆ ಸೆಮಿಸ್ಟರಿಗೆ ಸುಮಾರು 1,850 ಡಾಲರ್, 7 ಆದ್ರೆ 2,145 ಹತ್ರ. ಹಂಗಾಗಿ ಒಂದು ಕ್ರೆಡಿಟ್ಟಿನ ಲ್ಯಾಬ್ ತಗೊಳ್ಳೋದಾ ಬೇಡ್ವಾ ಅಂತ ಒದ್ದಾಡ್ತಿದ್ರೆ ತಗೊಂಡ್ಬಿಡಿ. ಆದ್ರೆ ನಿಮ್ಮ ಪ್ರೋಗ್ರಾಮಿಗೆ ಸೇರಿದ್ದ ಕ್ಲಾಸ್ ಆಗಿರ್ಬೇಕು, ಆಸೆಗೆ ತಗೊಂಡ ಕುಂಬಾರಿಕೆ ಕ್ಲಾಸ್ ಲೆಕ್ಕಕ್ಕಿಲ್ಲ. 6ಕ್ಕಿಂತ ಕಮ್ಮಿ ಇದ್ರೆ ಫೆಡರಲ್ ಸಾಲ ಸಿಗಲ್ಲ, ಗ್ರಾಂಟ್ ಸಿಗತ್ತೆ.

ಮಧ್ಯದಲ್ಲಿ ಎಲ್ಲಾ ಕ್ಲಾಸೂ ಬಿಡೋ ಪರಿಸ್ಥಿತಿ ಬಂದ್ರೆ ಮೊದ್ಲು ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಲ್ಲಿ ಕೇಳಿ, ಸೆಮಿಸ್ಟರಿನ 60% ದಾಟೋಕೆ ಮುಂಚೆ ಬಿಟ್ರೆ ಸ್ವಲ್ಪ ದುಡ್ಡು ವಾಪಸ್ ಹೋಗತ್ತೆ, ಕಾಲೇಜು ನಿಮಗೇ ಬಿಲ್ ಕಳಿಸ್ಬಹುದು.

ಫಾರ್ಮ್ ಪ್ರತಿ ವರ್ಷ ಹೊಸ್ದಾಗಿ ತುಂಬ್ಬೇಕು. ಸಾಮಾನ್ಯವಾಗಿ ಅಕ್ಟೋಬರ್ 1ರ ಹೊತ್ತಿಗೆ ಓಪನ್ ಆಗತ್ತೆ, ನವರಾತ್ರಿ ಗೊಂಬೆ ಕೆಳಗಿಳಿಸೋವಾಗ ಇದನ್ನೂ ನೆನಪು ಮಾಡ್ಕೊಳ್ಳಿ.